ಸೇವೆಗೂ ಸಂಬಳ ಬೇಕು: ಗಡಿ ಪಟ್ಟಣಗಳ ಹೊಸ ಪದವೀಧರರ ಪ್ರಶ್ನೆ

ಪದವಿ ಫಲಿತಾಂಶ ಬಂದ ಕೂಡಲೇ ಪ್ರತೀ ಮನೆಯಲ್ಲೂ ಕೇಳುವ ಪ್ರಶ್ನೆ ಒಂದೇ: ‘ಮುಂದೇನು?’ ಬಿ.ಕಾಂ. ಮುಗಿಸಿದವನಿಗೆ ಬ್ಯಾಂಕ್, ಅಂಗಡಿ ಇಲ್ಲವೇ ಗಲ್ಫ್. ಇಂಜಿನಿಯರಿಂಗ್ ಮುಗಿಸಿದವಳಿಗೆ ಬೆಂಗಳೂರು, ಹೈದರಾಬಾದ್. ಆದರೆ ಎಂಎಸ್‌ಡಬ್ಲ್ಯು, ಬಿಎಸ್‌ಡಬ್ಲ್ಯು ಅಥವಾ ಸಮಾಜಶಾಸ್ತ್ರ ಓದಿದ ಹುಡುಗ ‘ಸಮಾಜ ಸೇವೆಯ ಕ್ಷೇತ್ರದಲ್ಲೇ ಕೆಲಸ ಮಾಡ್ತೇನೆ’ ಅಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಸೇವೆ ಸರಿ, ಹೊಟ್ಟೆಗೇನು?’ ಎಂಬ ಮಾತು ಬರುತ್ತದೆ. ಹಾಗೆ ಕೇಳುವ ತಂದೆ ತಾಯಿಯದು ತಪ್ಪಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸಮುದಾಯ, ಸಂಘ ಸಂಸ್ಥೆಗಳು ಮತ್ತು ಸರಕಾರ.

ಉತ್ತರ ಹೇಗಿರಬೇಕು ಎಂದು ತಿಳಿಯಲು ತೆಲಂಗಾಣದ ಮೂರು ಗಡಿ ಪಟ್ಟಣಗಳನ್ನು ನೋಡಬಹುದು: ಝಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು. ಇವು ಕನ್ನಡಿಗರಿಗೆ ಅಪರಿಚಿತ ಊರುಗಳಲ್ಲ. 1956ರ ರಾಜ್ಯ ಪುನರ್ವಿಂಗಡನೆಗೆ ಮೊದಲು ಝಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯ ತಾಲೂಕಾಗಿತ್ತು. ಬೀದರ್, ಕಲಬುರಗಿ ಜಿಲ್ಲೆಗಳ ಹಲವು ಭಾಗಗಳು ಕರ್ನಾಟಕಕ್ಕೆ ಬಂದಾಗ ಈ ಮೂರೂ ಆಂಧ್ರಪ್ರದೇಶಕ್ಕೆ ಹೋದವು. 2016ರ ಅಕ್ಟೋಬರ್‌ನಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ.

ಕೆಲಸಕ್ಕೆ ಬರವಿಲ್ಲ

ಈ ಊರುಗಳಲ್ಲಿ ಸಮಾಜ ಕಾರ್ಯಕರ್ತರಿಗೆ ಕೆಲಸ ಇಲ್ಲ ಎನ್ನುವ ಹಾಗಿಲ್ಲ. ತಾಂಡೂರು ಹಾಸುಗಲ್ಲಿಗೆ ಹೆಸರಾದ ಊರು. ಕಲ್ಲು ಗಣಿ, ಪಾಲಿಶ್ ಘಟಕಗಳ ಧೂಳಿನಲ್ಲಿ ದುಡಿಯುವವರಿಗೆ ಆರೋಗ್ಯ ತಪಾಸಣೆ ಬೇಕು, ಇ-ಶ್ರಮ್ ನೋಂದಣಿ ಬೇಕು, ಅವರ ಮಕ್ಕಳು ಶಾಲೆ ಬಿಡದಂತೆ ನೋಡುವವರು ಬೇಕು. ನಾರಾಯಣಖೇಡ್‌ನ ತಾಂಡಾಗಳಿಂದ ಕಬ್ಬು ಕಟಾವಿಗೆ ಕುಟುಂಬ ಸಮೇತ ವಲಸೆ ಹೋಗುತ್ತಾರೆ. ಮಕ್ಕಳ ಶಾಲೆ, ಗರ್ಭಿಣಿಯರ ತಪಾಸಣೆ, ಪಡಿತರ ಎಲ್ಲವೂ ಆ ತಿಂಗಳುಗಳಲ್ಲಿ ತಪ್ಪಿಹೋಗುತ್ತವೆ. ಝಹೀರಾಬಾದ್ ಭಾಗದಲ್ಲಿ ದೊಡ್ಡ ಕೈಗಾರಿಕಾ ವಲಯ ಬರುತ್ತಿದೆ. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟ 12 ಕೈಗಾರಿಕಾ ನಗರಗಳಲ್ಲಿ ಅದೂ ಒಂದು. ಜಮೀನು ಬಿಟ್ಟುಕೊಟ್ಟ ಕುಟುಂಬಕ್ಕೆ ಪರಿಹಾರದ ಕಾಗದ ಓದಿ ಹೇಳುವವರು, ಬಂದ ದುಡ್ಡು ಒಂದೇ ವರ್ಷದಲ್ಲಿ ಕರಗದಂತೆ ದಾರಿ ತೋರಿಸುವವರು ಬೇಕು.

ಈ ಕೆಲಸಕ್ಕೆ ಸ್ಥಳೀಯ ಪದವೀಧರರಷ್ಟು ತಕ್ಕವರು ಸಿಗುವುದಿಲ್ಲ. ಇಲ್ಲಿ ಕಚೇರಿಯ ಭಾಷೆ ತೆಲುಗು, ಮುಸ್ಲಿಮ್ ಮೊಹಲ್ಲಾಗಳದ್ದು ಉರ್ದು. ಗಡಿ ಹಳ್ಳಿಗಳಲ್ಲಿ ಕನ್ನಡ ಕೇಳುತ್ತದೆ, ಮರಾಠಿಯೂ ಕೇಳುತ್ತದೆ, ತಾಂಡಾಗಳಲ್ಲಿ ಲಂಬಾಣಿ. ಹೈದರಾಬಾದ್‌ನಿಂದ ಬರುವ ಅಧಿಕಾರಿಗೆ ದುಭಾಷಿ ಬೇಕಾಗಬಹುದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಬೇಡ. ಆದರೂ ಅವಳು ಪದವಿ ಮುಗಿಸಿ ಹೈದರಾಬಾದ್‌ನ ಯಾವುದೋ ಕಾಲ್ ಸೆಂಟರ್ ಸೇರುತ್ತಾಳೆ. ಯಾಕೆಂದರೆ ಅಲ್ಲಿ ತಿಂಗಳ ಕೊನೆಗೆ ಸಂಬಳ ಗ್ಯಾರಂಟಿ.

ಈ ನೆಲದಲ್ಲೇ ಆದ ಪ್ರಯೋಗಗಳು

ಸ್ಥಳೀಯರನ್ನು ಬೆಳೆಸಿದರೆ ಏನಾಗುತ್ತದೆ ಎಂಬುದಕ್ಕೆ ಝಹೀರಾಬಾದ್‌ನಲ್ಲೇ ಸಾಕ್ಷಿ ಇದೆ. ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದ ಮೈಸೂರು ಮೂಲದ ಪಿ.ವಿ. ಸತೀಶ್ 1983ರಲ್ಲಿ ಸ್ನೇಹಿತರ ಜತೆ ಸೇರಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಪಸ್ತಾಪುರ ಅದರ ನೆಲೆ. ಹಳ್ಳಿಹಳ್ಳಿಯ ದಲಿತ ಮಹಿಳೆಯರ ಸಂಘಗಳ ಮೂಲಕ ಸಿರಿಧಾನ್ಯ, ಬೀಜ ಸಂಗ್ರಹ, ಪಾಳು ಭೂಮಿಯ ಕೃಷಿ ಮುಂತಾದ ಕೆಲಸ ನಡೆಯಿತು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರು ತಯಾರು ಮಾಡಿದ ಸ್ಥಳೀಯ ಮಹಿಳೆಯರು ಅಷ್ಟರಲ್ಲಾಗಲೇ ತಾವೇ ಮುಂದಾಳುಗಳಾಗಿದ್ದರು.

ಇದಕ್ಕೆ ಒಳ್ಳೆಯ ಉದಾಹರಣೆ ಸಂಘಂ ರೇಡಿಯೊ. 2008ರ ಅಕ್ಟೋಬರ್ 15ರಂದು ಮಾಚನೂರು ಹಳ್ಳಿಯಿಂದ ಪ್ರಸಾರ ಶುರು ಮಾಡಿದ ಈ ಕೇಂದ್ರ, ಜನ ಸಂಘಟನೆಯೊಂದು ನಡೆಸುವ ದೇಶದ ಮೊದಲ ಸಮುದಾಯ ರೇಡಿಯೊ. ಅದನ್ನು ನಡೆಸಿದವರು ಅಲ್ಗೋಲ್ ನರಸಮ್ಮ, ಜನರಲ್ ನರಸಮ್ಮ ಎಂಬ ಇಬ್ಬರು ದಲಿತ ಮಹಿಳೆಯರು. ಲೈಸೆನ್ಸ್ ಸಿಗುವ ಮೊದಲು ಸುಮಾರು ಹತ್ತು ವರ್ಷ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಹತ್ತು ವರ್ಷದ ತಯಾರಿ ಸಣ್ಣ ವಿಷಯವಲ್ಲ. ಕಲಿಯಲು ಜಾಗ, ಕಲಿಸಲು ಹಿರಿಯರು, ಕೈಬಿಡದ ಸಂಸ್ಥೆ ಇದ್ದುದರಿಂದ ಅದು ಸಾಧ್ಯವಾಯಿತು.

ಇನ್ನೊಂದು ಉದಾಹರಣೆ ಎಂ.ವಿ. ಫೌಂಡೇಶನ್. ಶಾಂತಾ ಸಿನ್ಹಾ ಮುನ್ನಡೆಸಿದ ಈ ಸಂಸ್ಥೆ 1991ರಿಂದ ರಂಗಾರೆಡ್ಡಿ ಜಿಲ್ಲೆಯಲ್ಲಿ ಬಾಲಕಾರ್ಮಿಕರನ್ನು ಶಾಲೆಗೆ ತರುವ ಕೆಲಸಕ್ಕೆ ಕೈಹಾಕಿತು. ತಾಂಡೂರು ಆಗ ಅದೇ ಜಿಲ್ಲೆಯಲ್ಲಿತ್ತು. ಹಳ್ಳಿಗಳಲ್ಲಿ ಮನೆಯ ಮೊದಲ ವಿದ್ಯಾವಂತರಾಗಿದ್ದ ಯುವಕ ಯುವತಿಯರೇ ಅದರ ಬಲ. ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಲಿತವರು ತಮ್ಮದೇ ಊರಲ್ಲಿ ನಿಂತರೆ ಹೊರಗಿನಿಂದ ಬಂದವರಿಗಿಂತ ಹೆಚ್ಚು ಸಾಧಿಸಬಲ್ಲರು ಎಂಬುದನ್ನು ಈ ಎರಡೂ ಪ್ರಯೋಗಗಳು ತೋರಿಸಿವೆ.

ಹಾಗಾದರೆ ಯಾಕೆ ನಿಲ್ಲುತ್ತಿಲ್ಲ?

ಮೊದಲ ಕಾರಣ ಅಭದ್ರತೆ. ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರ, ಐಸಿಟಿಸಿ ಕೌನ್ಸೆಲರ್ ಮುಂತಾದ ಹುದ್ದೆಗಳು ಇವೆ, ಆದರೆ ಬಹುತೇಕ ಗುತ್ತಿಗೆ. ಮಕ್ಕಳ ಸಹಾಯವಾಣಿ 1098ನ್ನು ವರ್ಷಗಟ್ಟಲೆ ಸ್ವಯಂಸೇವಾ ಸಂಸ್ಥೆಗಳು ನಡೆಸಿದವು. 2023ರಲ್ಲಿ ಸರಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಾಗ ಎಷ್ಟೋ ಸಂಸ್ಥೆಗಳ ಕಾರ್ಯಕರ್ತರ ಕೆಲಸ ಅಲ್ಲಿಗೆ ಮುಗಿಯಿತು. ಅನುಭವ ಇತ್ತು, ಮುಂದಿನ ಮೆಟ್ಟಿಲು ಇರಲಿಲ್ಲ.

ಎರಡನೆಯದು, ದಾನಿಗಳ ರೂಢಿ. ಕಟ್ಟಡಕ್ಕೆ, ಆ್ಯಂಬುಲೆನ್ಸ್‌ಗೆ, ಕಿಟ್‌ಗೆ ದುಡ್ಡು ಬರುತ್ತದೆ, ಕೆಲಸ ಮಾಡುವ ಮನುಷ್ಯನಿಗೆ ಬರಲ್ಲ. ಸಂಬಳ ಅಂದರೆ ‘ಆಡಳಿತ ವೆಚ್ಚ’, ಅದು ಪೋಲು ಎಂಬ ಭಾವನೆ ಇದೆ. ವಿದೇಶಿ ದೇಣಿಗೆಯ ಕಾನೂನಿಗೆ 2020ರಲ್ಲಿ ಮಾಡಿದ ತಿದ್ದುಪಡಿ, ಆಡಳಿತ ವೆಚ್ಚದ ಮಿತಿಯನ್ನು 50 ಶೇಕಡದಿಂದ 20 ಶೇಕಡಕ್ಕೆ ಇಳಿಸಿತು. ಆದರೆ ಕಂಪೆನಿಗಳ ಸಿಎಸ್‌ಆರ್ ನಿಯಮ ಬೇರೆ. ಅಲ್ಲಿ ಆಡಳಿತ ವೆಚ್ಚಕ್ಕೆ 5 ಶೇಕಡ ಮಿತಿ ಇದೆ ನಿಜ. ಒಂದು ಯೋಜನೆಯನ್ನು ನೇರವಾಗಿ ಜಾರಿ ಮಾಡುವ ಖರ್ಚು ಮಾತ್ರ ಆ ಮಿತಿಯೊಳಗೆ ಬರುವುದಿಲ್ಲ. ಅಂದರೆ ಹಳ್ಳಿಗೆ ಹೋಗಿ ದುಡಿಯುವವನ ಸಂಬಳವನ್ನು ಯೋಜನಾ ವೆಚ್ಚವಾಗಿಯೇ ತೋರಿಸಬಹುದು. ಇಲ್ಲಿ ಅಡ್ಡಿಯಾಗಿರುವುದು ಕಾನೂನಿಗಿಂತ ಹೆಚ್ಚಾಗಿ ರೂಢಿ.

ಮುಸ್ಲಿಮ್ ಸಂಘಟನೆಗಳು ಇಲ್ಲಿ ಒಂದು ವಿಷಯ ನೆನಪಿಡಬೇಕು. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನಿನ ಅತ್ತೌಬ ಅಧ್ಯಾಯದ 60ನೇ ಸೂಕ್ತ ಹೇಳುತ್ತದೆ. ಬಡವರು, ನಿರ್ಗತಿಕರ ಬೆನ್ನಿಗೇ ಬರುವ ಮೂರನೇ ವರ್ಗ ಝಕಾತ್‌ನ ಕೆಲಸ ಮಾಡುವವರದ್ದು. ಇಂದಿನ ಟ್ರಸ್ಟ್‌ಗಳ ನೌಕರರಿಗೆ ಇದು ಅನ್ವಯಿಸುತ್ತದೆಯೇ ಎಂಬುದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇದೆ. ಅದನ್ನು ಅವರಲ್ಲೇ ಕೇಳಬೇಕು. ಆದರೆ ಸೇವೆ ಮಾಡುವವನಿಗೆ ಸಂಬಳ ಕೊಡುವುದು ಕೀಳು ಎಂಬ ಮಾತಿಗೆ ಧರ್ಮದಲ್ಲಿ ಆಧಾರ ಇಲ್ಲ ಎಂಬುದು ಇದರಿಂದ ಸ್ಪಷ್ಟ. ಸದಕಾ ಮತ್ತು ಮಾಸಿಕ ವಂತಿಗೆಯ ದಾರಿ ಹೇಗೂ ತೆರೆದೇ ಇದೆ.

ಲೆಕ್ಕ ಹಾಕಿ ನೋಡಿದರೆ

ಉದಾಹರಣೆಗೆ, ಒಬ್ಬ ಹೊಸ ಪದವೀಧರನಿಗೆ ತಿಂಗಳಿಗೆ 18,000 ರೂ. ಸಂಬಳ, 2,000 ರೂ. ಓಡಾಟದ ಖರ್ಚು ಎಂದಿಟ್ಟುಕೊಳ್ಳಿ. ಒಟ್ಟು 20,000. ಒಂದು ಪಟ್ಟಣದ 80 ಅಂಗಡಿಯವರು ತಿಂಗಳಿಗೆ ತಲಾ 250 ರೂ. ಹಾಕಿದರೆ ಅಷ್ಟಾಯಿತು. ಎರಡು ವರ್ಷಕ್ಕೆ ಒಬ್ಬರಿಗೆ 4,80,000, ಮೂರು ಪಟ್ಟಣಕ್ಕೆ ಮೂವರಾದರೆ 14,40,000 ರೂ. ಈ ಮೊತ್ತಕ್ಕೆ ಪ್ರತಿಯಾಗಿ ಮೂರು ಊರಿಗೂ ಪಿಂಚಣಿ, ವಿದ್ಯಾರ್ಥಿವೇತನ, ಪಡಿತರ, ಆಸ್ಪತ್ರೆಯ ಅರ್ಜಿಗಳನ್ನು ಬೆನ್ನುಹತ್ತಿ ಮಾಡಿಸುವ ಒಬ್ಬೊಬ್ಬ ಕಾರ್ಯಕರ್ತ ಸಿಗುತ್ತಾನೆ. ಸರಕಾರದ ಯೋಜನೆಯ ದುಡ್ಡು ಅರ್ಹರ ಖಾತೆಗೆ ಬಂದರೆ ವಂತಿಗೆ ಹಾಕಿದವರ ಹಣ ಹಲವು ಪಟ್ಟಾಗಿ ಊರಿಗೇ ಮರಳಿದಂತೆ.

ಸಂಬಳ ಮಾತ್ರ ಸಾಲದು. ಮೊದಲ ಎರಡು ವರ್ಷ ಒಬ್ಬ ಅನುಭವಿಯ ಕೈಕೆಳಗೆ ಇಡಬೇಕು. ನಿವೃತ್ತ ಶಿಕ್ಷಕರು, ಅಂಗನವಾಡಿ ಮೇಲ್ವಿಚಾರಕಿಯರು, ವಕೀಲರು ಪ್ರತೀ ಪಟ್ಟಣದಲ್ಲೂ ಇದ್ದಾರೆ. ನೇಮಕಾತಿ ಪತ್ರ, ರಜೆ, ಅನುಭವ ಪ್ರಮಾಣಪತ್ರ ಲಿಖಿತವಾಗಿ ಇರಬೇಕು. ಯುವತಿಯರು ಹಳ್ಳಿಗಳಿಗೆ ಹೋಗುವುದಾದರೆ ಸಂಜೆಯೊಳಗೆ ಮರಳುವ ವಾಹನ, ದೂರು ಹೇಳಿಕೊಳ್ಳಲು ಒಬ್ಬ ಹಿರಿಯ ಮಹಿಳೆ ಇರಬೇಕು. ಇಷ್ಟಿಲ್ಲದೆ ‘ಹುಡುಗಿಯರು ಮುಂದೆ ಬರಲ್ಲ’ ಎಂದು ದೂರಿದರೆ ಅರ್ಥವಿಲ್ಲ.

ಪದವೀಧರರ ಪಾಲಿನ ಕೆಲಸವೂ ಇದೆ. ಮನಸ್ಸು ಒಳ್ಳೆಯದಿದ್ದರೆ ಮಾತ್ರ ಸಾಲದು, ದಾಖಲೆ ಇಡಲು ಬರಬೇಕು. ಎಷ್ಟು ಮನೆ ಭೇಟಿ, ಎಷ್ಟು ಅರ್ಜಿ, ಎಷ್ಟು ಮಂಜೂರು ಎಂಬುದು ಪುಸ್ತಕದಲ್ಲಿ ಇರಬೇಕು. ಬಿ.ಕಾಂ. ಓದಿದವರಿಗೂ ಇಲ್ಲಿ ಜಾಗ ಇದೆ. 12ಎ, 80ಜಿ ನೋಂದಣಿ, 2021ರಿಂದ ಬಂದ ಸಿಎಸ್‌ಆರ್-1 ಅರ್ಜಿ, ಆಡಿಟ್, ಇವುಗಳನ್ನು ಸರಿಯಾಗಿ ಮಾಡುವವರಿಲ್ಲದೆ ಸಣ್ಣ ಟ್ರಸ್ಟ್‌ಗಳು ಒದ್ದಾಡುತ್ತಿರುತ್ತವೆ. ಹೆಚ್ಚಿನ ಓದಿಗೆ ಹೈದರಾಬಾದ್‌ನ ಮೌಲಾನಾ ಆಝಾದ್ ಉರ್ದು ವಿವಿಯಲ್ಲಿ ಸಮಾಜಕಾರ್ಯ ವಿಭಾಗ ಇದೆ, ಮಹಾರಾಷ್ಟ್ರದ ತುಳಜಾಪುರದಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಗ್ರಾಮೀಣ ಕ್ಯಾಂಪಸ್ ಇದೆ. ಹಳ್ಳಿಯಲ್ಲಿದ್ದು ಕಲಿಯಲು ಎಸ್‌ಬಿಐ ಯೂತ್ ಫಾರ್ ಇಂಡಿಯಾದ 13 ತಿಂಗಳ ಫೆಲೋಶಿಪ್ ಇದೆ. ಇವುಗಳ ಮಾಹಿತಿ ಪದವಿಯ ಕೊನೇ ವರ್ಷದಲ್ಲೇ ವಿದ್ಯಾರ್ಥಿಗಳಿಗೆ ತಲುಪಬೇಕು.

ಕರಾವಳಿಯ ಸ್ಥಿತಿಯೂ ಬಹಳ ಬೇರೆಯೇನಲ್ಲ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಅಲ್ಲಿ ಓದಿದ ಬ್ಯಾರಿ ಯುವಕ ಯುವತಿಯರೂ ಇದ್ದಾರೆ. ರಕ್ತದಾನ, ಸಾಮೂಹಿಕ ವಿವಾಹ, ರಮಝಾನ್ ಕಿಟ್, ಚಿಕಿತ್ಸಾ ನೆರವು ಎಲ್ಲದಕ್ಕೂ ಕೈ ಬಿಚ್ಚಿ ಕೊಡುವ ಸಮುದಾಯ ಇದು. ಆದರೆ ಕಲಿತವರೊಬ್ಬರನ್ನು ಪೂರ್ಣಾವಧಿ ಕಾರ್ಯಕರ್ತರಾಗಿ ನೇಮಿಸಿಕೊಂಡ ಜಮಾಅತ್‌ಗಳು ಎಷ್ಟಿವೆ? ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾಗುವಾಗ ಯುವಕರು ಎದ್ದು ಕೇಳಬೇಕಾದ ಪ್ರಶ್ನೆ ಇದು. ‘ಕಾರ್ಯಕರ್ತರ ಸಂಬಳ’ ಎಂಬ ಒಂದು ಸಾಲು ಆ ಬಜೆಟ್‌ನಲ್ಲಿ ಸೇರಿದರೆ, ಸೇವೆ ಮಾಡ್ತೇನೆ ಅನ್ನುವ ಮಗ ಮಗಳಿಗೆ ‘ಹೊಟ್ಟೆಗೇನು’ ಎಂದು ಕೇಳುವ ಅಗತ್ಯ ಮನೆಯವರಿಗೆ ಬರುವುದಿಲ್ಲ.