ಮರೆತವರೂ ಮದ್ದು ಸೇವಿಸಿದವರೂ ಒಂದೇ ಅಲ್ಲ

ಮೂರು ಬಾರಿ ಪರೀಕ್ಷೆಗೆ ಸಿಗದ ಅಥ್ಲೀಟ್‌ಗಳನ್ನು ಉದ್ದೀಪನ ಮದ್ದು ಸೇವಿಸಿದವರ ಸಾಲಿನಲ್ಲೇ ನಿಲ್ಲಿಸಿ, ಒಲಿಂಪಿಕ್ಸ್‌ನಿಂದ ಆಜೀವ ದೂರವಿಡಬೇಕು ಎಂಬ ವಾದವನ್ನು ಅಂಕಣಕಾರರೊಬ್ಬರು ಮತ್ತೆ ಎತ್ತಿದ್ದಾರೆ. ಅವರು ಕೊಟ್ಟಿರುವ ಉದಾಹರಣೆ ಬ್ರಿಟನ್ನಿನ 400 ಮೀಟರ್ ಓಟಗಾರ್ತಿ ಕ್ರಿಸ್ಟೀನ್ ಒಹುರುಗು. ಎಡವಿರುವುದೂ ಅಲ್ಲೇ. ಒಹುರುಗು ಅವರ ಓಟದ ಬದುಕನ್ನು ಕೊನೆಯವರೆಗೂ ಓದಿದವರು ಆಜೀವ ನಿಷೇಧದ ಪರ ಮಾತನಾಡುವುದು ಕಷ್ಟ.

ಟೀಕಾಕಾರರೆಲ್ಲ ಹಿಡಿದು ಕೂರುವುದು ಒಂದೇ ಅಂಕಿಯನ್ನು: 2007ರ ಆಗಸ್ಟ್‌ನಲ್ಲಿ ಮೂರು ಸಲ ಪರೀಕ್ಷೆಗೆ ಸಿಗದ ಕಾರಣಕ್ಕೆ ಬಿದ್ದಿದ್ದ ಒಂದು ವರ್ಷದ ನಿಷೇಧ ಮುಗಿದು ನಾಲ್ಕು ವಾರ ತುಂಬುವ ಮೊದಲೇ ಒಸಾಕಾದಲ್ಲಿ 49.61 ಸೆಕೆಂಡು, ವಿಶ್ವ ಚಾಂಪಿಯನ್ ಪಟ್ಟ. ಅಷ್ಟು ಬೇಗ ಅದು ಹೇಗೆ ಸಾಧ್ಯ ಎಂಬುದು ಅವರ ಅನುಮಾನ. ನಿಷೇಧಕ್ಕೊಳಗಾದವರು ಸ್ಪರ್ಧಿಸುವಂತಿಲ್ಲ, ನಿಜ. ಓಡುವುದನ್ನೇ ನಿಲ್ಲಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆ ವರ್ಷವಿಡೀ ಅಭ್ಯಾಸ ಮಾಡಿದವರು ಗೆದ್ದರೆ ಅದರಲ್ಲಿ ಅನುಮಾನಕ್ಕೆ ಏನಿದೆ?

ಯಾರೂ ನೋಡದ ಅಂಕಿ ಬೇರೆ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಮಹಿಳೆಯರ 4x400 ಮೀಟರ್ ರಿಲೇಯಲ್ಲಿ ಬ್ರಿಟನ್ 5ನೇ ಸ್ಥಾನ ಪಡೆಯಿತು. ಎರಡನೆಯದಾಗಿ ಗುರಿ ಮುಟ್ಟಿದ್ದ ರಷ್ಯಾ, ನಾಲ್ಕನೆಯದಾಗಿದ್ದ ಬೆಲಾರುಸ್ ತಂಡಗಳು ಎಂಟು ವರ್ಷಗಳ ನಂತರ, 2016ರಲ್ಲಿ ಅನರ್ಹಗೊಂಡವು. ಕಾದಿಟ್ಟ ಮಾದರಿಗಳನ್ನು ಮರುಪರೀಕ್ಷಿಸಿದಾಗ ಮದ್ದು ಸಿಕ್ಕಿತ್ತು. ಒಹುರುಗು ಮತ್ತು ಜೊತೆಗಾರ್ತಿಯರಿಗೆ ಕಂಚು ಬಂತು. ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ಅಂದು ಪರೀಕ್ಷಕರು ಕೇಳಿದಾಗ ಸಿಕ್ಕಿ, ಮಾದರಿ ಕೊಟ್ಟು, ‘ಶುದ್ಧ’ ಎನಿಸಿಕೊಂಡವರೇ ಮೋಸ ಮಾಡಿದ್ದರು. ಪರೀಕ್ಷೆಗೆ ಸಿಗಲಿಲ್ಲವೆಂದು ಊರೆಲ್ಲ ಕಳಂಕ ಹೊರಿಸಿದ್ದ ಓಟಗಾರ್ತಿಯ ಪದಕವನ್ನು ಅವರು ಎಂಟು ವರ್ಷ ಕಸಿದುಕೊಂಡಿದ್ದರು. ಗೈರುಹಾಜರಿಯನ್ನೇ ಅಪರಾಧದ ಪುರಾವೆಯೆಂದು ನಂಬುವವರು ಈ ಫಲಿತಾಂಶ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಒಹುರುಗು ತಪ್ಪೇ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. 2005ರ ಅಕ್ಟೋಬರ್‌ನಿಂದ 2006ರ ಜುಲೈವರೆಗೆ ಅವರು ಮೂರು ಬಾರಿ ಪರೀಕ್ಷೆಗೆ ಸಿಗಲಿಲ್ಲ. ಕೊನೆಯ ಸಲ, ಲಂಡನ್ನಿನ ಮೈಲ್ ಎಂಡ್ ಕ್ರೀಡಾಂಗಣದಲ್ಲಿ ಶಾಲಾ ಮಕ್ಕಳ ಕ್ರೀಡಾಕೂಟವಿದ್ದುದರಿಂದ ಅಭ್ಯಾಸಕ್ಕೆ ಕ್ರಿಸ್ಟಲ್ ಪ್ಯಾಲೇಸ್‌ಗೆ ಹೋದರು. ಪರೀಕ್ಷಕರಿಗೆ ಮೊದಲೇ ತಿಳಿಸಿಟ್ಟಿದ್ದ ಜಾಗ ಬದಲಾದುದನ್ನು ತಿಳಿಸಲು ಮರೆತರು. ಮರೆವು ಕ್ಷಮೆಗೆ ಕಾರಣವಾಗದು, ನಿಯಮ ನಿಯಮವೇ. ಮುನ್ಸೂಚನೆಯಿಲ್ಲದ ಪರೀಕ್ಷೆ ಇಲ್ಲದಿದ್ದರೆ ಮೋಸಗಾರರನ್ನು ಹಿಡಿಯುವ ದಾರಿಯೇ ಇಲ್ಲ. ನಮ್ಮ ಕ್ರಿಕೆಟ್ ಮಂಡಳಿ 2009ರಲ್ಲಿ, ಇರುವ ಜಾಗವನ್ನು ಮೊದಲೇ ತಿಳಿಸಬೇಕೆಂಬ ಈ ನಿಯಮಕ್ಕೆ ಬೆನ್ನು ತೋರಿಸಿ, 2019ರವರೆಗೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ವ್ಯಾಪ್ತಿಗೆ ಬರದೆ ಉಳಿದದ್ದು ಸರಿಯಾಗಿರಲಿಲ್ಲ. ಆದರೆ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯವು 2007ರಲ್ಲಿ ಒಹುರುಗು ಅವರ ಒಂದು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯುವಾಗಲೇ, ಅವರು ಮದ್ದು ಸೇವಿಸಿದ್ದಾರೆ ಎನ್ನಲು ಸುಳಿವಿಲ್ಲವೆಂದೂ, ಇದು ಬಿಡುವಿಲ್ಲದ ಎಳೆಯ ಅಥ್ಲೀಟ್ ಒಬ್ಬರ ಮರೆವಿನ ಪ್ರಕರಣವಾಗಿ ಕಾಣುತ್ತದೆಂದೂ ದಾಖಲಿಸಿತು. ನಮ್ಮ ಅಂಕಣಕಾರರು ತೀರ್ಪಿನ ಮೊದಲ ಭಾಗವನ್ನಷ್ಟೇ ಉಲ್ಲೇಖಿಸಿದ್ದಾರೆ.

ಅದೇ ಸುಮಾರಿಗೆ ಬ್ರಿಟನ್ನಿನ ಟ್ರಯಥ್ಲಾನ್ ಪಟು ಟಿಮ್ ಡಾನ್ ಕೂಡ ಮೂರು ಬಾರಿ ಪರೀಕ್ಷೆಗೆ ಸಿಕ್ಕಿರಲಿಲ್ಲ. ಅವರಿಗೆ ಸಿಕ್ಕಿದ್ದು ಮೂರು ತಿಂಗಳ ನಿಷೇಧ. ತಪ್ಪು ಒಂದೇ, ದೇಶ ಒಂದೇ, ಒಹುರುಗು ಅವರಿಗೆ ಶಿಕ್ಷೆ ನಾಲ್ಕು ಪಟ್ಟು! ಬ್ರಿಟಿಷ್ ಒಲಿಂಪಿಕ್ ಸಂಸ್ಥೆಯ 1992ರ ಆಜೀವ ನಿಷೇಧದ ನಿಯಮ ಇಬ್ಬರ ಮೇಲೂ ಬಿದ್ದಿತ್ತು, ಮೇಲ್ಮನವಿಯಲ್ಲಿ ಇಬ್ಬರೂ ಪಾರಾದರು. ಒಹುರುಗು ಪಾರಾದದ್ದು 2007ರ ನವೆಂಬರ್‌ನಲ್ಲಿ. ಮರು ಆಗಸ್ಟ್‌ನಲ್ಲಿ ಬೀಜಿಂಗ್‌ನಲ್ಲಿ 49.62 ಸೆಕೆಂಡು ಓಡಿ, ಒಲಿಂಪಿಕ್ಸ್ 400 ಮೀಟರ್ ಚಿನ್ನ ಗೆದ್ದ ಮೊದಲ ಬ್ರಿಟಿಷ್ ಮಹಿಳೆಯಾದರು.

ಮುಂದಿನದು ಗೊತ್ತಿರುವ ಕಥೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ತಾವು ಬೆಳೆದ ಬೀದಿಗಳ ಪಕ್ಕದಲ್ಲೇ ಎದ್ದ ಕ್ರೀಡಾಂಗಣದಲ್ಲಿ ಬೆಳ್ಳಿ. 2013ರಲ್ಲಿ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 49.41 ಸೆಕೆಂಡಿನ ಚಿನ್ನ, ಬೋಟ್ಸ್ವಾನಾದ ಅಮಾಂಟ್ಲೆ ಮೊಂಟ್‌ಶೊ ಅವರಿಗಿಂತ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಮುಂದೆ. ಕ್ಯಾಥಿ ಕುಕ್ ಹೆಸರಿನಲ್ಲಿದ್ದ 1984ರ ರಾಷ್ಟ್ರೀಯ ದಾಖಲೆ ಅಂದು ಮುರಿಯಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಿಲೇ ಕಂಚು. 2018ರಲ್ಲಿ ನಿವೃತ್ತಿ. ಇಷ್ಟು ದೀರ್ಘ ಹಾದಿಯಲ್ಲಿ ಒಂದು ಮಾದರಿಯೂ ಅವರ ವಿರುದ್ಧ ಮಾತನಾಡಲಿಲ್ಲ.

ನಿಯಮ ಸಡಿಲವಾಗಿದೆ ಎಂಬ ದೂರು ಕೂಡ ನಿಲ್ಲುವುದಿಲ್ಲ. ಈಗ 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಎರಡು ವರ್ಷ ನಿಷೇಧ. ತಪ್ಪಿನ ಪ್ರಮಾಣ ನೋಡಿ ಒಂದು ವರ್ಷದವರೆಗೆ ಇಳಿಸಬಹುದು. ಪುರುಷರ 100 ಮೀಟರ್ ವಿಶ್ವ ಚಾಂಪಿಯನ್ ಆಗಿದ್ದ ಕ್ರಿಶ್ಚಿಯನ್ ಕೋಲ್ಮನ್ 18 ತಿಂಗಳು ಅನುಭವಿಸಿ ಟೋಕಿಯೊ ಒಲಿಂಪಿಕ್ಸ್ ಕಳೆದುಕೊಂಡರು. ಒಹುರುಗು ಅವರಿಗೆ ಎರಡು ವರ್ಷ ಬಿದ್ದಿದ್ದರೆ ಅದು ಮುಗಿಯುತ್ತಿದ್ದದ್ದು ಬೀಜಿಂಗ್ ಒಲಿಂಪಿಕ್ಸ್‌ನ ಹೊಸ್ತಿಲಲ್ಲಿ. ತಂಡ ಸೇರುವ ಅವಕಾಶವೇ ಇರುತ್ತಿರಲಿಲ್ಲ. ಓಟಗಾರ್ತಿಯೊಬ್ಬರಿಗೆ ಸಿಗುವ ಒಲಿಂಪಿಕ್ಸ್‌ಗಳೇ ಎರಡೋ ಮೂರೋ. ಒಂದನ್ನು ಕಿತ್ತುಕೊಳ್ಳುವುದು ಕಡಿಮೆ ಶಿಕ್ಷೆಯಲ್ಲ.

ಮದ್ದು ಸೇವಿಸಿದವರ ಮೇಲೂ ಆಜೀವ ಒಲಿಂಪಿಕ್ ನಿಷೇಧ ಹೇರುವಂತಿಲ್ಲ ಎಂದು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2012ರ ಏಪ್ರಿಲ್‌ನಲ್ಲೇ ಬ್ರಿಟಿಷ್ ನಿಯಮವನ್ನು ತಳ್ಳಿಹಾಕಿದೆ. ಹಾಗಿರುವಾಗ ಮರೆತವರಿಗೆ ಅದನ್ನು ಬೇಡುವುದು ಯಾವ ನ್ಯಾಯ? ಆಗಬೇಕಾದದ್ದು ಬೇರೆ. ತಪ್ಪಿದ ಪರೀಕ್ಷೆಗಳ ಪ್ರತಿ ತೀರ್ಪಿನಲ್ಲೂ, ಬೇಕೆಂದೇ ತಪ್ಪಿಸಿಕೊಂಡ ಸುಳಿವು ಸಿಕ್ಕಿತೇ ಇಲ್ಲವೇ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ನಿಷೇಧಿತರ ಪಟ್ಟಿಯಲ್ಲಿ ಇಂಥವರ ಹೆಸರು ಪ್ರತ್ಯೇಕವಾಗಿ ಇರಬೇಕು.