ಆತುರದ ಹಕ್ಕಿಗೆ ಕತ್ತು ಸೊಟ್ಟ

ಕೃಷ್ಣರಾಜಪೇಟೆ ಕಡೆಯ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ: “ಈ ಸಲ ನವರಾತ್ರಿಯ ಗೊಂಬೆ ಹಲಗೆಗೆ ಕಾಗದದ ಕೊಕ್ಕರೆಗಳ ತೋರಣ ಕಟ್ಟಬೇಕೆಂದು ಆಸೆ. ಮಗಳು ಮೊಬೈಲಿನಲ್ಲಿ ನೋಡಿಕೊಂಡು ಸರಸರನೆ ಮಡಿಸಿ ಎಸೀತಾಳೆ, ಮೂರರಲ್ಲಿ ಒಂದಕ್ಕೆ ಕತ್ತು ಸೊಟ್ಟ. ನಾನು ಮಡಿಸಿದರೆ ನೆಟ್ಟಗೇನೋ ಬರುತ್ತೆ, ಆದರೆ ಒಂದಕ್ಕೆ ಕಾಲು ಗಂಟೆ. ತಡೀಲಾರದೆ ಅವಳ ಕೈಯಿಂದ ಕಿತ್ತುಕೊಂಡು ಸರಿಮಾಡಿದರೆ ಮುನಿಸಿಕೊಂಡು ಎದ್ದುಹೋಗ್ತಾಳೆ. ಯಾರದ್ದು ತಪ್ಪು ಹೇಳಿ.”

ತಪ್ಪಿನ ಮಾತು ಆಮೇಲೆ. ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ, ಹಾಲಿನವನ ಲೆಕ್ಕದಷ್ಟೇ ಸುಲಭ. ನಾಲ್ಕು ನಿಮಿಷಕ್ಕೊಂದರಂತೆ ಮಡಿಸಿದರೆ ಗಂಟೆಗೆ 15 ಹಕ್ಕಿ. ಮೂರರಲ್ಲೊಂದು ಕೆಟ್ಟರೆ ಕೈಗೆ ಸಿಗುವುದು 10. ಐದು ನಿಮಿಷಕ್ಕೊಂದರಂತೆ, ಒಂದೂ ಕೆಡದ ಹಾಗೆ ಮಡಿಸಿದರೆ 12. ಕಾಗದವೂ ಉಳಿಯಿತು. ಇನ್ನು ಕಾಲು ಗಂಟೆಗೊಂದು ಎಂದರೆ ಗಂಟೆಗೆ ನಾಲ್ಕೇ ಆಯಿತು; ಆ ಲೆಕ್ಕದಲ್ಲಿ ತೋರಣ ಮುಂದಿನ ದಸರೆಗೇ ಸರಿ! ಆದ್ದರಿಂದ ಗಡಿಯಾರ ನೋಡುವಾಗ ಎಷ್ಟು ಮಡಿಸಿದೆ ಎಂದು ಎಣಿಸಬೇಡಿ, ಎಷ್ಟು ನೆಟ್ಟಗೆ ನಿಂತವು ಎಂದು ಎಣಿಸಿ.

ಹಾಗಾದರೆ ಕಾಲು ಗಂಟೆ ಐದು ನಿಮಿಷಕ್ಕೆ ಇಳಿಯುವುದು ಹೇಗೆ? ಗುಟ್ಟು ಇರುವುದು ಎಲ್ಲಿ ನಿಧಾನಿಸಬೇಕು ಎಂಬುದರಲ್ಲಿ. ನಮ್ಮ ನಾಗಮಂಗಲದ ಲೋಹಶಿಲ್ಪಿಗಳ ಕೆಲಸ ಕೇಳಿದ್ದೀರಲ್ಲ? ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಲೋಹ ಹೊಯ್ಯುವ ಪದ್ಧತಿ. ಮೇಣದಲ್ಲಿ ಮೂಗು ಓರೆಯಾಗಿದ್ದರೆ ಲೋಹದಲ್ಲೂ ಓರೆಯೇ. ಕಾಗದದ್ದೂ ಅದೇ ಹಣೆಬರಹ. ಮೊದಲ ಮಡಿಕೆಯಲ್ಲಿ ಮೂಲೆಗೆ ಮೂಲೆ ಕೂಡದೆ ನೂಲೆಳೆಯಷ್ಟು ಆಚೀಚೆ ಆದರೆ ಆಗ ಕಣ್ಣಿಗೇ ಬೀಳದು. ಅದರ ಮೇಲೆ ಇನ್ನೊಂದು, ಮತ್ತೊಂದು ಮಡಿಕೆ ಬಿದ್ದು, ಕೊನೆಗೆ ಕಡ್ಡಿಯಂಥ ಕತ್ತು ಎತ್ತುವ ಹೊತ್ತಿಗೆ ಆ ನೂಲೆಳೆ ದಾರವಾಗಿ, ದಾರ ಹಗ್ಗವಾಗಿರುತ್ತದೆ. ನೀವು ಕತ್ತನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಅದು ಬುಡದಲ್ಲಿ ಆದದ್ದು.

ಹಾಗಾಗಿ ಮೊದಲು ಕಾಗದ. ಹದಿನೈದು ಸೆಂಟಿಮೀಟರ್ ಚೌಕ ಸಾಕು. ಕ್ಯಾಲೆಂಡರಿನ ಹಾಳೆ ದಪ್ಪ, ಪದರ ಸೇರಿದ ಕಡೆ ಬಿರಿಯುತ್ತೆ. ತೆಳ್ಳಗಿನ ಬಣ್ಣದ ಕಾಗದ ಒಳ್ಳೆಯದು. ಅಭ್ಯಾಸಕ್ಕೆ ನೋಟುಬುಕ್ಕಿನ ಹಾಳೆಯೂ ಆದೀತು. ಕತ್ತರಿಸಿದ ಮೇಲೆ ಎರಡೂ ಕರ್ಣಗಳಿಗೆ ಹಗುರವಾಗಿ ಮಡಿಸಿ ನೋಡಿ. ಅಂಚಿಗೆ ಅಂಚು ಕೂಡದಿದ್ದರೆ ಅದು ಚೌಕವೇ ಅಲ್ಲ. ಅಂಥದನ್ನು ದಿನಸಿ ಚೀಟಿ ಬರೆಯಲು ಇಟ್ಟುಕೊಳ್ಳಿ, ಹಕ್ಕಿಗೆ ಬೇಡ.

ಇನ್ನು ಕೂರುವ ಜಾಗ. ತೊಡೆಯ ಮೇಲಾಗಲಿ ಹಾಸಿಗೆಯ ಮೇಲಾಗಲಿ ಮಡಿಸಬೇಡಿ, ಮಣೆ ಇಟ್ಟುಕೊಳ್ಳಿ. ಮೂಲೆಗೆ ಮೂಲೆ ಕೂಡಿಸಿ ಎಡಗೈ ಬೆರಳಲ್ಲಿ ಒತ್ತಿಹಿಡಿದು, ಬಲಗೈಯಿಂದ ಮಡಿಕೆಯ ನಡುವಿನಿಂದ ಎರಡೂ ಕಡೆಗೆ ಸವರಿ. ತುದಿಯಿಂದ ತುದಿಗೆ ಎಳೆದರೆ ಕಾಗದ ಜಾರುತ್ತದೆ. ಮೊದಲು ಹಗುರವಾಗಿ ಮಡಿಸಿ, ನೋಡಿ, ಸರಿಯೆನಿಸಿದ ಮೇಲೆ ಉಗುರಿನಿಂದಲೋ ಚಮಚದ ಬೆನ್ನಿನಿಂದಲೋ ತೀಡಿ. ಒಮ್ಮೆ ತೀಡಿದ ಗೆರೆ ಅಳಿಸಿದರೆ ಹೋಗುವುದಿಲ್ಲ. ಸೀರೆಯ ನೆರಿಗೆ ಹಿಡಿಯುವಾಗ ಮೊದಲ ಒಂದೆರಡನ್ನು ಅಳೆದು ಹಿಡಿಯುತ್ತೀರಿ, ಉಳಿದವು ತಾವಾಗಿಯೇ ಬೆರಳಿಗೆ ಬರುತ್ತವೆ, ಅಲ್ಲವೇ? ಹಾಗೇ ಇದು.

ಕೊಕ್ಕರೆಯಲ್ಲಿ ನಿಧಾನಿಸಬೇಕಾದ ಜಾಗ ಎರಡೇ. ಒಂದು, ಮೊದಲ ನಾಲ್ಕು ಗೆರೆಗಳು: ಎರಡು ಕರ್ಣ, ಎರಡು ಅಡ್ಡ–ಉದ್ದ. ಇನ್ನೊಂದು, ಕಾಗದ ಪದರವಾಗಿ ಪುಟ್ಟ ಚೌಕವಾದ ಮೇಲೆ ಎರಡು ಅಂಚುಗಳನ್ನು ನಡುಗೆರೆಗೆ ತಂದು ಗಾಳಿಪಟದಂತೆ ಮಡಿಸುವಾಗ. ಇಲ್ಲಿ ಅಂಚುಗಳು ನಡುಗೆರೆಯನ್ನು ಮುಟ್ಟಿಯೂ ಮುಟ್ಟದಂತೆ, ಕೂದಲೆಳೆಯಷ್ಟು ಸಂದು ಬಿಡಿ. ಒಂದರ ಮೇಲೊಂದು ಏರಿದರೆ ಮುಂದಿನ ಮಡಿಕೆಯಲ್ಲಿ ಕಾಗದ ಮುದುಡಿಕೊಳ್ಳುತ್ತೆ. ಈ ಎರಡು ಕಡೆ ಜೋಪಾನ ಮಾಡಿದರೆ ಉಳಿದದ್ದನ್ನು ಸರಸರನೆ ಮುಗಿಸಿ. ಕೊಕ್ಕಂತೂ ಚಿಟಿಕೆ ಹೊಡೆದಷ್ಟರಲ್ಲಿ ಆಗುವ ಕೆಲಸ, ಅದಕ್ಕೆ ಹೊತ್ತು ಕಳೆಯಬೇಡಿ. ಒಂದೇ ಮಡಿಕೆಯನ್ನು ಹತ್ತು ಕಾಗದಕ್ಕೂ ಮಾಡಿ ಆಮೇಲೆ ಎರಡನೆಯದಕ್ಕೆ ಹೋದರೆ ಇನ್ನೂ ಬೇಗ. ಹೋಳಿಗೆಗೆ ಕಣಕವನ್ನೆಲ್ಲ ಒಟ್ಟಿಗೆ ಉಂಡೆ ಕಟ್ಟಿಟ್ಟುಕೊಳ್ಳುತ್ತೀರಲ್ಲ, ಹಾಗೆ. ಮಧ್ಯದಲ್ಲಿ ಹಾಲು ಉಕ್ಕಿತೆಂದು ಎದ್ದು ಹೋದರೂ ಎಲ್ಲಿಗೆ ನಿಲ್ಲಿಸಿದೆ ಎಂದು ಹುಡುಕಬೇಕಾಗಿಲ್ಲ.

ಮೊಬೈಲಿನ ಚಿತ್ರ ನೋಡಿ ಮಗು ಆತುರಪಡುವುದು ಸಹಜ. ಎಷ್ಟೋ ಚಿತ್ರಗಳಲ್ಲಿ ಕೈ ಓಡುವ ವೇಗ ನಿಜವಾದದ್ದಲ್ಲ, ತಡವಿದ್ದನ್ನು ಕತ್ತರಿಸಿ ತೆಗೆದಿರುತ್ತಾರೆ. ಒಂದು ಮಡಿಕೆ ತೋರಿಸಿದ ಕೂಡಲೇ ನಿಲ್ಲಿಸಿ, ಮಡಿಸಿ, ಆಮೇಲೆ ಮುಂದಕ್ಕೆ ಬಿಡಲು ಹೇಳಿ.

ಇದೇನು ಜಪಾನಿನವರ ಹುಚ್ಚು, ನಮಗೇಕೆ ಎಂದು ಮನೆಯ ಹಿರಿಯರು ಅಂದಾರು. ಒರಿಗಾಮಿ ಎಂಬ ಹೆಸರೇನೋ ಅವರದ್ದು. ಆದರೆ 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರ ರಾವ್ ಎಂಬವರು ಕಾಗದ ಮಡಿಸಿಯೇ ರೇಖಾಗಣಿತ ಕಲಿಸುವ ಪುಸ್ತಕ ಅಚ್ಚು ಹಾಕಿಸಿದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತಮ್ಮ ಪುಸ್ತಕದಲ್ಲಿ ಹೆಸರಿಸಿದರು. 1901ರಲ್ಲಿ ಅಮೆರಿಕದಲ್ಲೂ ಅಚ್ಚಾಯಿತು. ಇನ್ನು ಕೊಕ್ಕರೆಯೋ, ಶ್ರೀರಂಗಪಟ್ಟಣದವರಿಗೆ ಅದು ಮನೆಯ ಹಕ್ಕಿಯೇ. ರಂಗನತಿಟ್ಟಿಗೆ ಹೋದಾಗ ಬಣ್ಣದ ಕೊಕ್ಕರೆ ಕತ್ತು ಹೇಗೆ ಬಾಗಿಸುತ್ತದೆಂದು ಮಕ್ಕಳಿಗೆ ತೋರಿಸಿ. ಒಮ್ಮೆ ನೋಡಿದ ಮಗುವಿಗೆ ಕಾಗದದ ಕತ್ತು ಸೊಟ್ಟಗಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಹಿರೋಷಿಮಾದ ಸದಾಕೊ ಸಸಾಕಿ ಎಂಬ ಹುಡುಗಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1945ರಲ್ಲಿ ಬಾಂಬು ಬಿದ್ದಾಗ ಎರಡು ವರ್ಷದವಳು. ರಕ್ತದ ಕ್ಯಾನ್ಸರಾಗಿ ಆಸ್ಪತ್ರೆ ಸೇರಿದಾಗ, ಸಾವಿರ ಕೊಕ್ಕರೆ ಮಡಿಸಿದವರ ಆಸೆ ಈಡೇರುತ್ತದೆಂಬ ನಂಬಿಕೆಯಿಂದ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಮಡಿಸಿದಳು. 1955ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ ತೀರಿಕೊಂಡಳು. ಆ ಮಗುವಿಗಿದ್ದ ಆತುರ ಬೇರೆ. ನಮ್ಮ ಮಕ್ಕಳಿಗೆ ಆ ಆತುರ ಯಾವತ್ತೂ ಬಾರದಿರಲಿ.

ಈಗ ಕಿತ್ತುಕೊಳ್ಳುವ ವಿಷಯ. ಸೋದರೀ, ಅದೊಂದನ್ನು ಮಾತ್ರ ಬಿಡಿ. ನೀವು ಸರಿಮಾಡಿಕೊಟ್ಟ ಹಕ್ಕಿ ನಿಮ್ಮದಾಗುತ್ತದೆ, ಅವಳದಲ್ಲ. ಕೈ ಕಲಿಯುವುದು ತಾನೇ ಮಡಿಸಿ, ತಾನೇ ಬಿಚ್ಚಿ ನೋಡಿದಾಗ. ಸೊಟ್ಟ ಹಕ್ಕಿಯನ್ನು ಅವಳ ಕೈಗೇ ಕೊಟ್ಟು “ಇದನ್ನು ಬಿಚ್ಚು, ಎಲ್ಲಿ ಜಾರಿತು ನೋಡೋಣ” ಅನ್ನಿ. ಗೆರೆಗಳೇ ಹೇಳುತ್ತವೆ, ನೀವು ಬಾಯಿಬಿಟ್ಟು ಬೈಯುವ ಕೆಲಸ ತಪ್ಪುತ್ತದೆ. ಇನ್ನೂ ಒಂದು ಉಪಾಯವಿದೆ: ಮೊದಲ ನಾಲ್ಕು ಗೆರೆ ನಿಮ್ಮ ಪಾಲು, ಗಾಳಿಪಟದ ಮಡಿಕೆಯಿಂದಾಚೆಗೆ ಅವಳ ಪಾಲು. ಮೂರು ದಿನ ಆದ ಮೇಲೆ ಅದಲು ಬದಲು ಮಾಡಿ. ನಿಮ್ಮ ನಿಧಾನ ಅವಳ ಕೈಗೂ, ಅವಳ ಚುರುಕು ನಿಮ್ಮ ಕೈಗೂ ಸ್ವಲ್ಪ ಸ್ವಲ್ಪ ಹತ್ತುತ್ತೆ.

ಗೊಂಬೆ ಕೂರಿಸುವ ದಿನಕ್ಕೇ ಎಲ್ಲವೂ ಮುಗಿದಿರಬೇಕೆಂಬ ಹಟವೂ ಬೇಡ. ದಿನಕ್ಕೆ ಹನ್ನೆರಡು ಹಕ್ಕಿ ಎಂದರೆ ಸಂಜೆ ಒಂದು ಗಂಟೆಯ ಕೆಲಸ. ಒಂಬತ್ತು ದಿನಕ್ಕೆ 108 ಆಯಿತು. ಪಾಡ್ಯದ ದಿನ ಹನ್ನೆರಡು ಕಟ್ಟಿ, ದಿನವೂ ಸೇರಿಸುತ್ತ ಹೋಗಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಶುರುಮಾಡಿದರೆಂದು ಮಕ್ಕಳಿಗೆ ಹೇಳುವುದಕ್ಕೂ ಆ ಹೊತ್ತೇ ಸರಿ. ಗೊಂಬೆ ನೋಡಲು ಬರುವ ಅಕ್ಕಪಕ್ಕದ ಹುಡುಗಿಯರು “ನಿನ್ನೆ ಇಷ್ಟಿರಲಿಲ್ಲ” ಎಂದು ಎಣಿಸಲಿ, ಒಂದೊಂದು ಮಡಿಸಿಯೂ ಹೋಗಲಿ. ಪಾಂಡವಪುರದ ಕಡೆಯವರಾದರೆ ಬಂದವರ ಕೈಗೆ ಮೇಲುಕೋಟೆಯ ಪುಳಿಯೋಗರೆಯನ್ನು ದೊನ್ನೆಯಲ್ಲಿ ಹಾಕಿ ಕೊಡದೆ ಬಿಟ್ಟಾರೆಯೇ? ಆದರೆ ಎಣ್ಣೆಗೈ ಕಾಗದಕ್ಕೆ ತಾಗದಿರಲಿ; ಮೊದಲು ಮಡಿಸುವುದು, ಆಮೇಲೆ ತಿನ್ನುವುದು.

ದಾರ ಪೋಣಿಸುವಾಗ ಹಕ್ಕಿಯ ಬೆನ್ನಿನ ನಡುವೆ, ಎರಡು ರೆಕ್ಕೆ ಸೇರುವ ಕಡೆ ಸೂಜಿ ಹಾಕಿ. ಅಡಿಯಲ್ಲಿ ಒಂದು ಮಣಿ ಕಟ್ಟಿದರೆ ಹಕ್ಕಿ ಜಾರದು. ಹಬ್ಬ ಮುಗಿದ ಮೇಲೆ ರೆಕ್ಕೆಗಳನ್ನು ಮೇಲಕ್ಕೆ ಜೋಡಿಸಿ ಚಪ್ಪಟೆ ಮಾಡಿ, ಒಣಗಿದ ಬೇವಿನೆಲೆ ಹಾಕಿದ ಬಿಸ್ಕತ್ತಿನ ಡಬ್ಬಿಯಲ್ಲಿಡಿ. ನೆಟ್ಟಗೆ ಮಡಿಸಿದವು ಅಷ್ಟು ಚಿಕ್ಕ ಡಬ್ಬಿಯಲ್ಲೇ ಒಂದರ ಮೇಲೊಂದು ಕೂತುಬಿಡುತ್ತವೆ. ಮುಂದಿನ ವರ್ಷ ಗೊಂಬೆ ಇಳಿಸುವ ದಿನ ರೆಕ್ಕೆ ಹಿಡಿದು ಮೆಲ್ಲಗೆ ಬಿಡಿಸಿದರೆ ಸಾಕು.