ನೊಣಾನೂ ಬೇಕು ಕಣ್ರೀ

ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟಿತು ಅಂದ್ರೆ ಔಷಧಿ ಹೊಡೆಯೋ ಕಾಲ ಬಂತು ಅಂತಲೇ ಲೆಕ್ಕ. ಜಿಗಿಹುಳುವಿನ ಕಾಟ ಸುಳ್ಳಲ್ಲ ಬಿಡಿ. ಹೂಗೊಂಚಲಿನ ರಸ ಹೀರುತ್ತೆ, ಅದು ಬಿಡೋ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ, ಹೂ ಉದುರುತ್ತೆ. ಆದರೆ ಹೂ ಪೂರ್ತಿ ಅರಳಿರುವಾಗ ಹೊಡೆದರೆ ಸಾಯೋದು ಜಿಗಿಹುಳು ಒಂದೇ ಅಲ್ಲ.

ಮಾವಿನ ಹೂವಿನ ಪರಾಗ ಹೊರೋದರಲ್ಲಿ ಜೇನಿನ ಜೊತೆ ನೊಣಗಳದ್ದೂ ದೊಡ್ಡ ಪಾಲು. ಹೌದು, ತಿಪ್ಪೆ ಮೇಲೆ ಕೂರೋ ಅದೇ ಬಳಗ! ತೈವಾನಿನ ಮಾವು ಬೆಳೆಗಾರರು ಇದಕ್ಕೆಂದೇ ನೊಣ ಸಾಕ್ತಾರೆ. ನಾವು ದುಡ್ಡು ಕೊಟ್ಟು ಸಾಯಿಸ್ತೀವಿ.

ನಮ್ಮ ದೊಡ್ಡಪ್ಪನಿಗೆ ಹೇಳಿದ್ರೆ, "ಹೂವಲ್ಲೇ ತೋಟ ಗುತ್ತಿಗೆ ಕೊಟ್ಟಾಯ್ತಲ್ಲಪ್ಪ, ಹೊಡೆಯೋನು ಅವನು" ಅಂತಾರೆ. ಅಸಲು ತೊಂದರೆ ಇಲ್ಲೇ ಇರೋದು ಅನ್ಸುತ್ತೆ ನನಗೆ. ದುಡ್ಡು ಹಾಕಿದವನಿಗೆ ಕಣ್ಣೆದುರಿನ ಜಿಗಿಹುಳುವಿನ ಭಯ. ಕಟ್ಟದೇ ಹೋದ ಕಾಯಿ ಯಾರ ಕಣ್ಣಿಗೆ ಕಾಣುತ್ತೆ ಹೇಳಿ? ನೊಣ, ಜೇನು ಕಡಿಮೆ ಆದರೆ ಮುಂದಿನ ವರ್ಷ ನಷ್ಟ ತೋಟದವರಿಗೆ, ಅವನು ಬೇರೆ ತೋಟ ನೋಡ್ಕೋತಾನೆ.

ಮೊಗ್ಗಿನಲ್ಲಿ ಹೊಡಿ, ಕಾಯಿ ಕಚ್ಚಿದ ಮೇಲೆ ಬೇಕಿದ್ರೆ ಹೊಡಿ, ಹೂ ಅರಳಿದಾಗ ಮಾತ್ರ ಬೇಡ ಅಂತ ಗುತ್ತಿಗೆ ಮಾತಾಡುವಾಗಲೇ ಹೇಳಬಹುದಲ್ವಾ? ಈ ಸಲ ಡಿಸೆಂಬರಿನಲ್ಲೇ ಊರಿಗೆ ಹೋಗಿ ಆ ಮಾತುಕತೆಗೆ ದೊಡ್ಡಪ್ಪನ ಪಕ್ಕ ಕೂರ್ತೀನಿ.